ಆಯುಧಪೂಜೆಯ ದಿನದ ಎಕೋ

ಅಕ್ಟೋಬರ್ ೧, ಬುಧವಾರ

ಸಕಲಗುಣಸಂಪನ್ನಳೂ ಮಿತಭಾಷಿಣಿಯೂ (ಇದು ಸುಳ್ಳು) ಆದ ಹರ್ಷಿಣಿ ಎಂಬ ನಾನು, ವಯಸ್ಸು ಇಪ್ಪತ್ಮೂರು, ಲೋಧಿ ಕಾಲೊನಿಯ ಸರ್ಕಾರಿ ಕ್ವಾರ್ಟರ್ಸಿನ ನಿವಾಸಿ, ಫರೀದಾಬಾದಿನ ಹೃದಯ ಸಂಶೋಧನಾ ಸಂಸ್ಥೆಯಲ್ಲಿ ಎಲ್ಲರಿಗಿಂತ ಕೆಳಗಿನ ಕುರ್ಚಿಯ ಪ್ರಾಜೆಕ್ಟ್ ಅಸಿಸ್ಟೆಂಟು, ಈ ದಿನಚರಿಯನ್ನು ಇಂದು ಲೋಕಾರ್ಪಣೆ ಮಾಡಿದ್ದೇನೆ. ಲೋಕ ಎಂದರೆ ನಾನು. ಅಧ್ಯಕ್ಷತೆಯೂ ನನ್ನದೇ, ವಂದನಾರ್ಪಣೆಯೂ ನನ್ನದೇ.

ಉದ್ಘಾಟನೆಗೆ ತಕ್ಕ ಘಟನೆಯೂ ನಡೆಯಿತು. ಸಂಸ್ಥೆಗೆ ಹೊಸ ಎಕೋ ಯಂತ್ರ ಬಂದಿದೆ. ಎದೆಯ ಮೇಲೆ ಒತ್ತಿ ಹಿಡಿದರೆ ಒಳಗೆ ಹೃದಯ ಬಡಿಯುವುದನ್ನು ಪರದೆಯ ಮೇಲೆ ತೋರಿಸುವ ಯಂತ್ರ. ಇವತ್ತು ಆಯುಧಪೂಜೆ. ನಮ್ಮ ನಿರ್ದೇಶಕ ಡಾ. ಮಹಂತೇಶರು, ಈ ದಿನಚರಿಯಲ್ಲಿ ಇನ್ನು ಮುಂದೆ ‘ಹೃದಯ ಸಾಮ್ರಾಟರು’, ಪೂಜೆಯಿಲ್ಲದೆ ಯಂತ್ರದ ಸ್ವಿಚ್ಚು ಹಾಕಬಾರದೆಂದು ಅಪ್ಪಣೆ ಕೊಡಿಸಿದ್ದರು. ಉತ್ತರ ಭಾರತದಲ್ಲಿ ಇವರ ಮುಂದೆ ಅಂಗಿ ಬಿಚ್ಚದ ದೊಡ್ಡ ಮನುಷ್ಯರಿಲ್ಲ. ಯಂತ್ರಕ್ಕೆ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ಗುರುಗ್ರಾಮದಿಂದ ಬಂದಿದ್ದ ಕಂಪನಿಯ ಎಂಜಿನಿಯರ್ ಮಾತ್ರ, ‘ಸರ್, ಸ್ಕ್ರೀನ್ ಪೇ ಮತ್, ಸ್ಕ್ರೀನ್ ಪೇ ಮತ್’, ಪರದೆಗೆ ಹಚ್ಚಬೇಡಿ ಎಂದು ಕೈಮುಗಿದು ಕುಣಿಯುತ್ತಿದ್ದ.

ನಮ್ಮಲ್ಲೊಂದು ಪದ್ಧತಿ ಇದೆ. ಹೊಸ ಯಂತ್ರದ ಮೊದಲ ರೋಗಿ ನಿರ್ದೇಶಕರೇ ಆಗಬೇಕು. ಸಾಮ್ರಾಟರು ಅಂಗಿ ಬಿಚ್ಚಿ, ಕೊರಳಿನ ಶಿವದಾರ ಒಂದು ಕಡೆ ಸರಿಸಿ, ಮಗ್ಗುಲಾಗಿ ಮಲಗಿದರು. ಪರದೆಯ ಮೇಲೆ ಹೃದಯ ಮೂಡಿತು. ಸುತ್ತ ನಿಂತಿದ್ದ ಘನವಿದ್ವಾಂಸರಿಂದ ಉದ್ಗಾರಗಳು.

‘ವಾಹ್, ಏನು ಸ್ಪಷ್ಟತೆ!’ ಅಂದರು ನನ್ನ ಬಾಸು, ಪ್ರಯೋಗಾಲಯದ ಮುಖ್ಯಸ್ಥ ಡಾ. ಅನೂಪ್ (‘ಜೀವಕೋಶ ಪಂಡಿತರು’, ಮೈಸೂರಿನವರು).

‘ಹೃದಯ ಅಂದರೆ ಹೀಗಿರಬೇಕು,’ ಅಂದರು ಆಪರೇಷನ್ ವಿಭಾಗದ ಮುಖ್ಯಸ್ಥೆ ಡಾ. ಅಮಿತಾ ಭಾರದ್ವಾಜ್ (‘ಖಡ್ಗಧಾರಿಣಿ’, ಹುಟ್ಟಿ ಬೆಳೆದದ್ದು ಇಲ್ಲೇ).

ಎಂಜಿನಿಯರ್ ಉಬ್ಬಿಹೋಗಿ ಎಲ್ಲಾ ಕೋನಗಳಿಂದಲೂ ಚಿತ್ರ ತೆಗೆದು ‘ಡೆಮೊ’ ಎಂದು ಉಳಿಸಿಟ್ಟ. ಪೇಡ ಹಂಚಿದರು. ನಾನು ಮೂರು ತಿಂದೆ. ಇತಿ ಪ್ರಥಮೋಧ್ಯಾಯಃ.

ಅಕ್ಟೋಬರ್ ೭, ಮಂಗಳವಾರ

ದೈವವು ನನ್ನ ಕೈಗೆ ಒಂದು ಅಸ್ತ್ರ ಕೊಟ್ಟಿದೆ.

ಗುರುವಾರದ ಸಭೆಯಲ್ಲಿ ಹೆಸರಿಲ್ಲದ ಒಂದು ಎಕೋ ತೋರಿಸುತ್ತಾರೆ. ರೋಗಿಯ ವಯಸ್ಸು, ಗಂಡೋ ಹೆಣ್ಣೋ, ಕಷ್ಟವೇನು, ಇಷ್ಟೇ ಹೇಳುವುದು. ಕಿರಿಯರಿಂದ ಶುರುವಾಗಿ ಹಿರಿಯರವರೆಗೆ ಒಬ್ಬೊಬ್ಬರೇ ರೋಗ ಯಾವುದೆಂದು ಹೇಳಬೇಕು. ಈ ಸಲ ಎಕೋ ಆರಿಸುವ ಸರದಿ ಅನೂಪ್ ಸರ್ ಅವರದು. ಅವರು ಅದನ್ನು ನನಗೆ ತಳ್ಳಿದ್ದಾರೆ.

ನನ್ನ ಯೋಜನೆ ಹೀಗಿದೆ. ಡೆಮೊ ಹೃದಯದ ಹೆಸರಳಿಸಿ ತೋರಿಸುವುದು. ಯಾವ ರೋಗವೂ ಇಲ್ಲದ, ಪೂಜೆಯ ದಿನ ಎಲ್ಲರೂ ಹೊಗಳಿದ ಹೃದಯ. ಪಂಡಿತರು ಅದಕ್ಕೆ ಒಂದೊಂದು ರೋಗ ಹುಟ್ಟಿಸುತ್ತಾರೆ. ಕೊನೆಯಲ್ಲಿ ನಾನು ಎದ್ದು, ತಲೆಬಾಗಿ, ‘ಮಹನೀಯರೇ, ಇದು ನಮ್ಮ ನಿರ್ದೇಶಕರ ಆರೋಗ್ಯವಂತ ಹೃದಯ’ ಎಂದು ಘೋಷಿಸುತ್ತೇನೆ. ಕೆಲಸ ಹೋದರೆ ಹೋಗಲಿ. ಅಪ್ಪ ಹೇಗೂ ಮಾರ್ಚಿಗೆ ಇದನ್ನು ಬಿಡಿಸಿ ಮುಖರ್ಜಿ ನಗರದ ಐಎಎಸ್ ಕೋಚಿಂಗಿಗೆ ಸೇರಿಸಬೇಕೆಂದಿದ್ದಾರೆ. ‘ಹೃದಯ ನೋಡ್ಕೊಂಡು ಎಷ್ಟು ದಿನ ಕೂರ್ತೀಯ?’ ಅಂತ ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ.

ಅಕ್ಟೋಬರ್ ೯, ಗುರುವಾರ

ಇದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ. ನಡೆದ ಹಾಗೆ ಬರೆಯುತ್ತೇನೆ.

‘ಅರವತ್ತೊಂದು ವರ್ಷ, ಗಂಡಸು, ಕಷ್ಟ ಏನೂ ಇಲ್ಲ,’ ಎಂದು ಗಂಭೀರವಾಗಿ ಹೇಳಿ ಚಿತ್ರ ಹಾಕಿದೆ. ಕಿರಿಯ ಡಾಕ್ಟರುಗಳು ಕವಾಟ ಸ್ವಲ್ಪ ಸೋರುತ್ತಿದೆ ಅಂದರು. ಅನೂಪ್ ಸರ್ ಕನ್ನಡಕ ಸರಿಮಾಡಿಕೊಂಡು, ಲಕ್ಷಕ್ಕೊಬ್ಬರಿಗೆ ಬರುವ, ಸ್ನಾಯುವಿನಲ್ಲಿ ಸಕ್ಕರೆ ಕೂರುವ ಒಂದು ಕಾಯಿಲೆಯ ಹೆಸರು ಹೇಳಿದರು. ನಾನು ಒಳಗೊಳಗೇ ಆರತಿ ಎತ್ತಿದೆ. ಅಮಿತಾ ಮೇಡಂ ಫೋನಿನಿಂದ ತಲೆಯೆತ್ತಿ, ‘ನಾರ್ಮಲ್ ಹೈ ಯಾರ್, ಏನೂ ಇಲ್ಲ,’ ಅಂದರು. ಪಕ್ಕಾ ಶಸ್ತ್ರವೈದ್ಯೆ.

ಕೊನೆಗೆ ಸಾಮ್ರಾಟರ ಸರದಿ.

‘ಹಿಂದಕ್ಕೆ ಹೋಗು ತಂಗಿ. ಇನ್ನೊಂದು. ಆ ಪಕ್ಕದಿಂದ ತೆಗೆದದ್ದು. ಹಾಂ, ನಿಲ್ಲಿಸು.’

ಎದ್ದು ಪರದೆಯ ಹತ್ತಿರ ಹೋದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮಹಾಧಮನಿ, ಅದರ ಬುಡದ ಮೇಲೆ ಬೆರಳಿಟ್ಟರು.

‘ಇದನ್ನ ಅಳೆದೋರು ಯಾರು?’

ಯಾರೂ ಅಳೆದಿರಲಿಲ್ಲ. ಮೌಸ್ ತಗೊಂಡು ಅವರೇ ಗೆರೆ ಎಳೆದರು. ಐದು ಮುಕ್ಕಾಲು ಸೆಂಟಿಮೀಟರು. ಅಮಿತಾ ಮೇಡಂ ಫೋನು ಕೆಳಗಿಟ್ಟರು.

‘ನಾಲ್ಕು ದಾಟಬಾರದು,’ ಅಂದರು ಸಾಮ್ರಾಟರು ಕಿರಿಯರ ಕಡೆ ತಿರುಗಿ, ಪಾಠ ಹೇಳುವ ದನಿಯಲ್ಲೇ. ‘ಬಲೂನಿನ ಹಾಗೆ ಉಬ್ಬಿದೆ. ನೋವಿರಲ್ಲ, ಸುಸ್ತಿರಲ್ಲ, ಒಂದು ದಿನ ಹರಿಯುತ್ತೆ. ಹರಿದರೆ ಆಸ್ಪತ್ರೆ ಬಾಗಿಲಲ್ಲಿದ್ದರೂ ಉಳಿಸೋದು ಕಷ್ಟ.’ ನನ್ನ ಕಡೆ ತಿರುಗಿದರು. ‘ಈ ಮನುಷ್ಯ ಎಲ್ಲಿದಾನೆ?’

‘ಇಲ್ಲೇ ಸರ್. ಫರೀದಾಬಾದಿನಲ್ಲೇ.’

‘ಓಡಾಡಿಕೊಂಡಿದಾನಾ?’

‘ಹೌದು ಸರ್.’

‘ಇವತ್ತೇ ಕರೆಸು. ಭಾರ ಎತ್ತಬಾರದು, ಮೆಟ್ಟಿಲು ಹತ್ತಬಾರದು, ಜೋರಾಗಿ ಕೆಮ್ಮಬಾರದು ಅಂತ ಹೇಳು. ನಿನ್ನ ಜವಾಬ್ದಾರಿ.’

ಹೇಳಿ, ಮೂರು ಮಹಡಿಯನ್ನು ಎರಡೆರಡು ಮೆಟ್ಟಿಲು ಹಾರುತ್ತ ಹತ್ತಿಕೊಂಡು ಹೋದರು.

ಊಟ ಸೇರಲಿಲ್ಲ. ಮಧ್ಯಾಹ್ನ ಅವರ ಕೋಣೆಗೆ ಹೋದಾಗ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕುಡಿಯುತ್ತಿದ್ದರು.

‘ಬಂದನಾ ಆ ಮನುಷ್ಯ?’

‘ಬಂದಿದಾರೆ ಸರ್.’

‘ಹೊರಗೆ ಕೂಡಿಸಿದೀಯಾ?’

‘ಇಲ್ಲ ಸರ್. ಒಳಗೇ ಕೂತಿದಾರೆ.’

ನನ್ನ ಹಿಂದಿನ ಸೋಫಾ ನೋಡಿದರು. ಖಾಲಿ. ಬಾಗಿಲು ನೋಡಿದರು. ಆಮೇಲೆ ನನ್ನ ಮುಖ. ಲೋಟವನ್ನು ಸದ್ದಾಗದ ಹಾಗೆ ಮೇಜಿನ ಮೇಲಿಟ್ಟರು.

‘ಆಯುಧಪೂಜೆ ದಿನದ್ದಾ?’

‘ಹೂಂ ಸರ್.’

‘ಅಷ್ಟು ಜನ ಸುತ್ತ ನಿಂತಿದ್ವಿ. ಏನ್ ನೋಡ್ತಾ ಇದ್ವಿ ಅವತ್ತು?’

‘ಯಂತ್ರ ಸರ್.’

ನಾನು, ‘ತಪ್ಪಾಯ್ತು ಸರ್, ಚೇಷ್ಟೆಗೆ ಅಂತ ಮಾಡಿದ್ದು,’ ಅಂದೆ.

‘ಗೊತ್ತಾಯ್ತು. ಕಷ್ಟ ಇಲ್ಲದವನು ಎಕೋ ಮಾಡಿಸೋಕೆ ಯಾಕೆ ಬರ್ತಾನೆ ಅಂತ ಆಗಲೇ ಅನಿಸಿತ್ತು.’ ಲೋಟ ಪಕ್ಕಕ್ಕೆ ಸರಿಸಿ, ‘ಚಲೋ. ಅಮಿತಾಗೆ ಹೇಳೋಣ. ಮತ್ತೆ ಯಾರಿಗೂ ಬೇಡ. ನಮ್ಮ ಮನೆಯಲ್ಲಂತೂ ಬೇಡವೇ ಬೇಡ. ಇನ್ನು ಹದಿನೈದು ದಿನ ಬರೋ ಪ್ರತಿ ಎಕೋದಲ್ಲೂ ಇದನ್ನ ಅಳೆದು ನನಗೆ ತೋರಿಸು. ಶಿಕ್ಷೆ ಅಂದ್ಕೋ.’

ಮಜ್ಜಿಗೆ ಮುಗಿಸಲಿಲ್ಲ.

ಅಕ್ಟೋಬರ್ ೧೦, ಶುಕ್ರವಾರ

ಸ್ಕ್ಯಾನ್ ಆಯಿತು. ಅಳತೆ ಅದೇ.

ಅಮಿತಾ ಮೇಡಂ ಕೋಣೆಯಲ್ಲಿ ನಡೆದದ್ದು:

‘ಮುಂದಿನ ವಾರ ಮಾಡೋಣ ಸರ್. ಉಬ್ಬಿದ ಭಾಗ ತೆಗೆದು ಬಟ್ಟೆಯ ಕೊಳವೆ ಹೊಲಿಯೋದು. ನಿಮಗೆ ಗೊತ್ತಿಲ್ಲದ್ದೇನು?’

‘ಜನವರಿ ಸಮ್ಮೇಳನ ಆಗಲಿ.’

‘ನಿಮ್ಮ ಪೇಷಂಟ್ ಹೀಗೆ ಅಂದಿದ್ದರೆ?’

‘ಬೈದು ಕಳಿಸ್ತಿದ್ದೆ.’

‘ಅಚ್ಛಾ? ಹಾಗಾದರೆ?’

‘ನನಗೆ ಬೈಯೋರು ಯಾರೂ ಇಲ್ಲವಲ್ಲ ಅಮಿತಾ.’

ಅಮ್ಮ ಪಡ್ಡು ಮಾಡಿದ್ದಳು. ನಾಲ್ಕಕ್ಕೇ ಸಾಕೆಂದೆ. ‘ಜ್ವರಾನಾ?’ ಎಂದು ಹಣೆ ಮುಟ್ಟಿ ನೋಡಿದಳು.

ಅಕ್ಟೋಬರ್ ೧೪, ಮಂಗಳವಾರ

ಸಾಮ್ರಾಟರು ಮೆಟ್ಟಿಲು ಹತ್ತುವುದನ್ನು ಬಿಟ್ಟಿಲ್ಲ. ಎರಡೆರಡರ ಬದಲು ಒಂದೊಂದು, ಅಷ್ಟೇ ರಿಯಾಯಿತಿ. ಲಿಫ್ಟಿನಲ್ಲಿ ಹೋದರೆ ಜನ ಕೇಳುತ್ತಾರಂತೆ. ಮೂವತ್ತು ವರ್ಷದಿಂದ ಎಲ್ಲರಿಗೂ ‘ಮೆಟ್ಟಿಲು ಹತ್ತಿ, ಹೃದಯಕ್ಕೆ ಒಳ್ಳೆಯದು’ ಎಂದು ಹೇಳಿದವರು.

ಆದ್ದರಿಂದ, ಲೋಕಹಿತಾರ್ಥವಾಗಿ, ಇಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಮೆಟ್ಟಿಲ ಬುಡದಲ್ಲಿ ಒಂದು ಬೋರ್ಡು ನೆಟ್ಟೆ. ಹಿಂದಿಯಲ್ಲೂ ಇಂಗ್ಲಿಷಿನಲ್ಲೂ: ‘ಮೆಟ್ಟಿಲು ದುರಸ್ತಿಯಲ್ಲಿದೆ. ಲಿಫ್ಟ್ ಬಳಸಿ. ಅಪ್ಪಣೆಯ ಮೇರೆಗೆ.’ ಯಾರ ಅಪ್ಪಣೆ ಎಂದು ಬರೆಯಲಿಲ್ಲ. ಅಪ್ಪಣೆಯ ಸೊಗಸು ಇರುವುದೇ ಅಲ್ಲಿ.

ಹೃದ್ರೋಗ ತಜ್ಞರು, ವಿಜ್ಞಾನಿಗಳು, ಅಕೌಂಟ್ಸಿನವರು ಎಲ್ಲರೂ ಲಿಫ್ಟಿನ ಮುಂದೆ ಸಾಲುಗಟ್ಟಿದರು. ಒಬ್ಬರಾದರೂ ಏನು ದುರಸ್ತಿ ಎಂದು ಕೇಳಲಿಲ್ಲ. ಡಾಕ್ಟರು, ಅಂದರೆ ಸಾಮ್ರಾಟರು, ಬಂದು, ಬೋರ್ಡು ಓದಿ, ಸುತ್ತ ನೋಡಿದರು. ನಾನು ಕಂಬದ ಹಿಂದೆ ಅತ್ಯಂತ ಕಾರ್ಯಮಗ್ನಳಾಗಿದ್ದೆ. ಲಿಫ್ಟಿಗೆ ಹೋದರು.

ಅಕ್ಟೋಬರ್ ೧೭, ಶುಕ್ರವಾರ

ಭಾರತ ದೇಶಕ್ಕೆ ಜಯವಾಗಲಿ. ಇವತ್ತು ಇಬ್ಬರು ಮೇಸ್ತ್ರಿಗಳು ಸಿಮೆಂಟ್ ಚೀಲದ ಸಮೇತ ಬಂದು ಮೆಟ್ಟಿಲು ಒಡೆಯಲು ಶುರುಮಾಡಿದರು. ‘ಏನಾಗಿದೆ ಭಯ್ಯಾ ಇದಕ್ಕೆ?’ ಎಂದೆ. ‘ಏನಾಗಿದೆಯೋ ಗೊತ್ತಿಲ್ಲ ಮೇಡಂ, ಬೋರ್ಡ್ ಇದೆಯಲ್ಲ,’ ಅಂದ ಒಬ್ಬ. ಇನ್ನು ಹದಿನೈದು ದಿನ ನಿಜವಾಗಿಯೂ ಮೆಟ್ಟಿಲಿಲ್ಲ.

ಶಿಕ್ಷೆಯ ಅಳತೆಗಳನ್ನು ತೋರಿಸಲು ಹೋದಾಗ ಡಾಕ್ಟರು ಸುತ್ತಿಗೆಯ ಸದ್ದು ಕೇಳುತ್ತ ಕೂತಿದ್ದರು. ‘ಸಂಸ್ಥೆಗೆ ನಷ್ಟ ಮಾಡಿಸಿದೆ ನೋಡು,’ ಅಂದರು. ಆಮೇಲೆ ನನ್ನ ಗೆರೆಗಳನ್ನು ಒಂದೊಂದಾಗಿ ನೋಡಿದರು. ‘ಇಲ್ಲಿ ನಾಳದ ಗೋಡೆ ಸೇರಿಸಿ ಅಳೆದಿದೀಯ. ಒಳಗಿಂದ ಅಳೆ. ಇನ್ನೊಂದು ಸಲ ತಂದು ತೋರಿಸು.’ ಪುನಃ ಅಳೆದೆ. ಸರಿಯಾಗುವವರೆಗೆ ಅಳೆದೆ. ಮನೆಗೆ ಬರುವಾಗ ಮೆಟ್ರೋ ಖಾಲಿ ಇತ್ತು.

ಅಕ್ಟೋಬರ್ ೨೨, ಬುಧವಾರ

ದೀಪಾವಳಿಯ ಹೊಗೆ ಇಳಿದಿಲ್ಲ. ಎದುರಿನ ಕಟ್ಟಡ ಕಾಣುತ್ತಿಲ್ಲ. ಎಲ್ಲರೂ ಕೆಮ್ಮುತ್ತಿದ್ದಾರೆ.

ರತ್ನಪ್ರಭಾ ಆಂಟಿ, ಅಂದರೆ ಡಾಕ್ಟರ ಹೆಂಡತಿ, ಚಕ್ಕುಲಿ ಡಬ್ಬಿ ಹಿಡಿದು ಬಂದಿದ್ದರು. ಕೇಂದ್ರೀಯ ವಿದ್ಯಾಲಯದಲ್ಲಿ ಕೆಮಿಸ್ಟ್ರಿ ಹೇಳಿ ರಿಟೈರ್ ಆದವರು. ಕಾರಿಡಾರಿನಲ್ಲಿ ನನ್ನನ್ನು ಹಿಡಿದರು.

‘ನೀನೇ ಅಲ್ವಾ ಲೋಧಿ ಕಾಲೊನಿ ಮನೋರಮಾ ಮಗಳು?’

‘ಹೌದು ಆಂಟಿ.’

‘ನಮ್ಮನೆಯವರಿಗೆ ಏನಾಗಿದೆ?’

‘ಏನಿಲ್ಲ ಆಂಟಿ. ಕೆಲಸ ಜಾಸ್ತಿ.’

‘ನಮ್ಮ ಸ್ಕೂಲ್ ಮಕ್ಕಳು ಇದಕ್ಕಿಂತ ಚೆನ್ನಾಗಿ ಸುಳ್ಳು ಹೇಳ್ತಿದ್ದರು.’ ದನಿ ತಗ್ಗಿಸಿದರು. ‘ಇಷ್ಟು ವರ್ಷದಲ್ಲಿ ನೀರಿನ ಕ್ಯಾನ್ ಎತ್ತೋಕೆ ಇನ್ನೊಬ್ಬರನ್ನ ಕರೆದೋರಲ್ಲ. ಮೊನ್ನೆ ವಾಚ್‌ಮನ್ ಭಯ್ಯಾನ ಕರೆದರು. ಕೆಮ್ಮು ಬಂದರೆ ಎದೆ ಹಿಡ್ಕೊಂಡು ಮೆಲ್ಲಗೆ ಕೆಮ್ಮುತ್ತಾರೆ, ಇನ್ನೊಬ್ಬರ ಮನೆ ಗಾಜಿನ ಪಾತ್ರೆ ಹಿಡಿದಿರೋರ ಹಾಗೆ. ಕೇಳಿದರೆ ಪೊಲ್ಯೂಷನ್ ಅಂತಾರೆ. ಪೊಲ್ಯೂಷನ್ ನನಗೂ ಇದೆಯಲ್ಲ?’

ನನ್ನ ಹತ್ತಿರ ಇಂಥ ಹೊತ್ತಿಗೆಂದೇ ಇಟ್ಟುಕೊಂಡ ಮುಖಗಳು ಹಲವಿವೆ. ಒಂದೂ ಸಿಗಲಿಲ್ಲ.

‘ನೀವು ಅವರನ್ನೇ ಕೇಳಿ ಆಂಟಿ,’ ಅಂದೆ. ‘ಇವತ್ತೇ ಕೇಳಿ.’

‘ಅಷ್ಟು ಸಾಕು,’ ಅಂದರು. ಚಕ್ಕುಲಿ ಡಬ್ಬಿಯನ್ನು ಪೂರ್ತಿ ನನ್ನ ಕೈಗೇ ಕೊಟ್ಟು, ಗಂಡನ ಕೋಣೆಗೂ ಹೋಗದೆ ಹೊರಟುಹೋದರು.

ಅಕ್ಟೋಬರ್ ೨೪, ಶುಕ್ರವಾರ

ಡಾಕ್ಟರು ಕರೆಸಿದರು. ಬೈಯುತ್ತಾರೆಂದುಕೊಂಡು ಹೋದೆ.

‘ನಮ್ಮ ಮನೆಯಲ್ಲಿ ಎರಡು ದಿನದಿಂದ ಊಟಕ್ಕೆ ಬಡಿಸ್ತಾರೆ, ಮಾತಾಡಲ್ಲ. ಆಪರೇಷನ್ ದಿನ ಹೇಳಿ, ಆಮೇಲೆ ಮಾತು ಅಂತ ಹೇಳಿಬಿಟ್ಟಿದಾರೆ.’

‘ಹಾಗಾದರೆ ದಿನ ಹೇಳಿಬಿಡಿ ಸರ್.’

ಕಿಟಕಿಯ ಕಡೆ ತಿರುಗಿ ಕೂತರು. ಹೊರಗೆ ಹೊಗೆಯಲ್ಲಿ ಏನೂ ಇರಲಿಲ್ಲ.

‘ಕಾರಣ ಜನವರಿ ಸಮ್ಮೇಳನ ಅಲ್ಲ ತಂಗಿ. ನನಗೆ ಆಪರೇಷನ್ ಥಿಯೇಟರ್ ಆಗಲ್ಲ.’

‘ಅಂದ್ರೆ?’

‘ಹುಬ್ಬಳ್ಳಿಯಲ್ಲಿ ಓದುವಾಗ, ಮೊದಲನೇ ಸಲ ಎದೆ ತೆರೆಯೋದು ನೋಡೋಕೆ ನಿಲ್ಲಿಸಿದ್ದರು. ಗರಗಸದ ಸದ್ದು ಶುರುವಾಯ್ತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಕತ್ತರಿ ಚಿಮಟ ಎಲ್ಲಾ ನನ್ನ ಮೇಲಿತ್ತು. ನಮ್ಮ ಪ್ರೊಫೆಸರ್ರು, “ನೀನು ಔಷಧಿ ಬರೆಯೋ ಡಾಕ್ಟರ್ ಆಗು ಮಾರಾಯ” ಅಂದರು. ಆದೆ.’ ನಕ್ಕರು. ‘ಓಟಿ ಬಾಗಿಲಲ್ಲಿ ಕೆಂಪು ಗೆರೆ ಇದೆಯಲ್ಲ? ಸಾವಿರಾರು ಜನಾನ ಅಲ್ಲೀತನಕ ಬಿಟ್ಟು ಬಂದಿದೀನಿ. “ಏನೂ ಆಗಲ್ಲ, ಧೈರ್ಯವಾಗಿ ಹೋಗಿ” ಅಂತ. ಅದನ್ನ ದಾಟಿ ನಾನು ಒಂದು ದಿನವೂ ಹೋಗಿಲ್ಲ.’

ಇಂಥದ್ದನ್ನು ಕೇಳಿ ನಗದೆ ಇರುವುದು ನನ್ನ ಜಾಯಮಾನವಲ್ಲ. ಇವತ್ತು ನಗಲಿಲ್ಲ. ‘ಭಾನುವಾರ ಓಟಿ ಖಾಲಿ ಇರುತ್ತೆ ಸರ್,’ ಅಂದೆ. ‘ಒಂದು ರಿಹರ್ಸಲ್ ಮಾಡೋಣ.’

ಅಕ್ಟೋಬರ್ ೨೬, ಭಾನುವಾರ

ಅಮಿತಾ ಮೇಡಂ ಒಪ್ಪಿದರು. ‘ಪಾಗಲ್ ಲಡ್ಕಿ, ಹುಚ್ಚು ಹುಡುಗಿ,’ ಅಂದರು, ಆಮೇಲೆ ತಾವೇ ಕೀ ತರಿಸಿದರು.

ಡಾಕ್ಟರು ಸ್ಟ್ರೆಚರಿನ ಮೇಲೆ ಮಲಗಿದರು, ಬೂಟು ಬಿಚ್ಚಿ, ಕೈ ಎದೆಯ ಮೇಲಿಟ್ಟುಕೊಂಡು. ವಾರ್ಡಿನಿಂದ ಓಟಿಯವರೆಗೆ, ರೋಗಿಗಳು ಹೋಗುವ ದಾರಿಯಲ್ಲೇ ತಳ್ಳಿಕೊಂಡು ಹೊರಟೆ. ಸ್ವಲ್ಪ ದೂರಕ್ಕೇ ಮಾತು ಶುರುವಾಯಿತು.

‘ಆ ಟ್ಯೂಬ್‌ಲೈಟ್ ಯಾಕೆ ಹಾಗೆ ಮಿಟುಕ್ತಿದೆ?’

‘ಯಾವುದು ಸರ್?’

‘ನಿಂತೋರಿಗೆ ಕಾಣಲ್ಲ. ಮಲಗಿದರೆ ನೇರ ಕಣ್ಣಿಗೆ ಹೊಡೆಯುತ್ತೆ. ಬದಲಾಯಿಸೋಕೆ ಹೇಳು.’

ಲಿಫ್ಟಿನಲ್ಲಿ: ‘ಮೇಲೆ ಜೇಡರಬಲೆ. ಎಷ್ಟು ವರ್ಷದ್ದೋ. ಇದನ್ನ ನೋಡಿಕೊಂಡು ಹೋಗ್ತಾರಾ ಜನ ಆಪರೇಷನ್‌ಗೆ?’

ಲಿಫ್ಟಿನಲ್ಲಿದ್ದ ಇಬ್ಬರು ವಾರ್ಡ್‌ಬಾಯ್‌ಗಳು ಮುಖಕ್ಕೆ ಮಾಸ್ಕು ಹಾಕಿದ ಈ ರೋಗಿಯನ್ನು ಗುರುತಿಸದೆ ಅವರ ಹೊಟ್ಟೆಯ ಮೇಲಿನಿಂದಲೇ ನಿನ್ನೆಯ ಕ್ರಿಕೆಟ್ ಮಾತಾಡುತ್ತಿದ್ದರು. ಹೊರಗೆ ಬಂದ ಮೇಲೆ ಡಾಕ್ಟರು ಅಂದರು: ‘ನಾನು ಅಲ್ಲಿ ಇರಲೇ ಇಲ್ಲ ನೋಡು ಅವರ ಪಾಲಿಗೆ.’

ಕೆಂಪು ಗೆರೆ ಬಂತು. ಅವರ ಕೈ ಸ್ಟ್ರೆಚರಿನ ಕಂಬಿ ಹಿಡಿಯಿತು. ‘ನಿಲ್ಲು,’ ಅಂದರು.

ನಿಂತೆ. ಒಳಗೆಲ್ಲೋ ಯಂತ್ರವೊಂದು ಗುಂಯ್‌ಗುಡುತ್ತಿತ್ತು.

‘ಹೂಂ. ನಡಿ,’ ಅಂದರು.

ಒಳಗೆ ಹಸಿರು ಟೋಪಿ ಹಾಕಿಕೊಂಡು ಅಮಿತಾ ಮೇಡಂ ನಿಂತಿದ್ದರು. ‘ಆಯಿಯೇ ಸರ್,’ ಎಂದು ಮನೆಗೆ ಬಂದವರನ್ನು ಕರೆಯುವಂತೆ ಕರೆದರು. ಕೊಳವೆ ತೋರಿಸಿದರು. ಬಿಳಿ ಬಟ್ಟೆ, ನೆರಿಗೆ ನೆರಿಗೆ, ಅಂಗಿಯ ತೋಳಿನ ಹಾಗೆ. ಡಾಕ್ಟರು ಅದನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದರು.

‘ನೀನು ಎಲ್ಲಿ ನಿಂತಿರ್ತೀಯ?’

‘ಇಲ್ಲಿ.’

‘ಕೈ ಗಟ್ಟಿ ಇದೆಯಾ?’

‘ಇಪ್ಪತ್ತು ವರ್ಷದಿಂದ ನಿಮ್ಮ ಪೇಷಂಟುಗಳನ್ನ ನನಗೆ ಕೊಟ್ಟಿದೀರಿ ಸರ್. ಈಗ ಕೇಳ್ತೀರಾ?’

‘ಗೆರೆ ಹತ್ತಿರ ಬಿಟ್ಟು ಹೊರಟುಬಿಡ್ತಿದ್ದೆನಲ್ಲ,’ ಅಂದರು. ‘ಕೇಳೋ ಸಂದರ್ಭ ಬರಲಿಲ್ಲ.’

ಮೇಡಂ ಅವರ ಭುಜದ ಮೇಲೆ ಕೈಯಿಟ್ಟರು. ನಾನು ಗೋಡೆಯ ಗಡಿಯಾರ ನೋಡಿದೆ. ಅದು ನಿಂತಿತ್ತು. ಅದನ್ನೂ ಸರಿಮಾಡಿಸಲು ಹೇಳಬೇಕು.

ಆಪರೇಷನ್ ನವೆಂಬರ್ ನಾಲ್ಕಕ್ಕೆ ಎಂದು ನಿಶ್ಚಯವಾಯಿತು. ಅನೂಪ್ ಸರ್‌ಗೂ ಹೇಳಿದರು.

ಅಕ್ಟೋಬರ್ ೩೧, ಶುಕ್ರವಾರ

ಆಪರೇಷನ್ನಿನಲ್ಲಿ ತೆಗೆದ ಮಹಾಧಮನಿಯ ತುಂಡುಗಳು ಸಂಶೋಧನೆಗಾಗಿ ನಮ್ಮ ಪ್ರಯೋಗಾಲಯಕ್ಕೆ ಬರುತ್ತವೆ. ಯಾಕೆ ಉಬ್ಬುತ್ತದೆ ಎಂಬುದು ಅನೂಪ್ ಸರ್ ಹತ್ತು ವರ್ಷದಿಂದ ಬೆನ್ನುಹತ್ತಿದ ಪ್ರಶ್ನೆ. ಅದಕ್ಕೆ ರೋಗಿಯ ಒಪ್ಪಿಗೆ ಬೇಕು. ಓದಿ ಹೇಳಿ ಸಹಿ ಹಾಕಿಸುವುದು ನನ್ನ ಕೆಲಸ. ಡಾಕ್ಟರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅನೂಪ್ ಸರ್, ‘ಈ ಸಲ ಬಿಟ್ಟುಬಿಡೋಣ,’ ಅಂದರು.

‘ಬಿಟ್ಟರೆ ಅವರೇ ಬೈತಾರೆ ಸರ್,’ ಎಂದು ನಾನೇ ಹೋದೆ.

‘ಪೂರ್ತಿ ಓದು,’ ಅಂದರು. ಓದಿದೆ. ‘ಇದರಿಂದ ನಿಮಗೆ ನೇರವಾಗಿ ಯಾವ ಪ್ರಯೋಜನವೂ ಇಲ್ಲ. ಬೇಡವೆಂದರೆ ನಿಮ್ಮ ಚಿಕಿತ್ಸೆಗೆ ತೊಂದರೆಯಾಗುವುದಿಲ್ಲ.’

‘ಈ ವಾಕ್ಯ ಬರೆದವನು ನಾನೇ,’ ಅಂದರು. ‘ಕೇಳೋಕೆ ಬೇರೆ ಥರಾ ಇದೆ.’ ಸಹಿ ಹಾಕಿದರು. ‘ತುಂಡು ಬಂದಾಗ ಯಾರು ತಗೋತಾರೆ?’

‘ನಾನು ಸರ್.’

‘ಕಾಯಿಸಬೇಡ. ಬೆಚ್ಚಗಿದ್ದರೆ ಜೀವಕೋಶ ಹಾಳಾಗುತ್ತೆ.’

ಎಕೋಗಳನ್ನು ಅಳೆದು ಮುಗಿಸಿ ಹೊರಡುವಾಗ ಅನೂಪ್ ಸರ್ ಕೇಳಿದರು: ‘ನಿನ್ನ ಹದಿನೈದು ದಿನ ಮುಗಿದು ಒಂದು ವಾರ ಆಯ್ತಲ್ಲ, ಇನ್ನೂ ಯಾಕೆ ಅಳೀತಿದೀಯಾ?’ ಮುಗಿದದ್ದು ನನಗೆ ಗೊತ್ತಿರಲಿಲ್ಲ. ಒಂದರಲ್ಲಿ ನಾಲ್ಕೂವರೆ ಇತ್ತು, ಪಲ್ವಲ್‌ನ ಹೆಂಗಸು. ಫೋನ್ ಮಾಡಿ ಸೋಮವಾರ ಬರಹೇಳಿದೆ. ಅಪ್ಪ ಕೋಚಿಂಗ್ ಫಾರ್ಮ್ ಮೇಜಿನ ಮೇಲೆ ಇಟ್ಟಿದ್ದಾರೆ. ಆಮೇಲೆ ನೋಡಬೇಕು.

ನವೆಂಬರ್ ೩, ಸೋಮವಾರ

ಪಲ್ವಲ್‌ನವರು ಬಂದಿದ್ದರು. ಔಷಧಿಯಲ್ಲೇ ಆಗುತ್ತದಂತೆ. ಆರು ತಿಂಗಳಿಗೊಮ್ಮೆ ನೋಡಬೇಕು.

ನಾಳೆ.

ನವೆಂಬರ್ ೪, ಮಂಗಳವಾರ

ಬೆಳಿಗ್ಗೆ ಗೆರೆಯ ತನಕ ನಾನೂ ಹೋಗಿದ್ದೆ. ರತ್ನಪ್ರಭಾ ಆಂಟಿ ಗಂಡನ ಶಿವದಾರ ಬಿಚ್ಚಿಸಿ ತಮ್ಮ ಕೈಗೆ ಸುತ್ತಿಕೊಂಡರು. ‘ಮಧ್ಯಾಹ್ನ ಊಟ ಬಿಡಬೇಡ,’ ಅಂದರು ಡಾಕ್ಟರು. ‘ಸರಿ,’ ಅಂದರು ಆಂಟಿ. ಬಾಗಿಲು ಮುಚ್ಚಿತು.

ನಾನು ಪ್ರಯೋಗಾಲಯಕ್ಕೆ ಹೋಗಿ ಸಿದ್ಧಮಾಡಿಕೊಂಡೆ. ಐಸು, ಚಾಕು, ಶೀಶೆಗಳು, ದ್ರವ ಸಾರಜನಕ. ಹೃದಯ ನಿಲ್ಲಿಸಿ, ರಕ್ತವನ್ನು ಯಂತ್ರದಿಂದ ಓಡಿಸಿ, ಆಮೇಲೆ ಕತ್ತರಿಸುತ್ತಾರೆ. ತುಂಡು ನಮ್ಮ ಕೈಗೆ ಬರುವ ಹೊತ್ತಿಗೆ ಹೃದಯ ನಿಂತೇ ಇರುತ್ತದೆ. ಅದು ಮತ್ತೆ ಶುರುವಾಗುವುದು ಬಹಳ ಹೊತ್ತಿನ ಮೇಲೆ. ಇದು ನನಗೆ ಮೊದಲೂ ಗೊತ್ತಿತ್ತು. ಎಷ್ಟೋ ಜನರದ್ದನ್ನು ತಗೊಂಡಿದ್ದೇನೆ.

ಓಟಿಯ ಸಿಸ್ಟರ್ ಐಸಿನ ಡಬ್ಬಿ ತಂದುಕೊಟ್ಟರು. ಅನೂಪ್ ಸರ್ ಪಕ್ಕ ಬಂದು ನಿಂತು, ‘ಕೈ ನಡುಗಿದರೆ ಹೇಳು, ನಾನು ಮಾಡ್ತೀನಿ,’ ಅಂದರು.

‘ಬೇಡ ಸರ್.’

ತಟ್ಟೆಯಲ್ಲಿ ಬಿಡಿಸಿಟ್ಟೆ. ಅಂಗೈಯಗಲ ಇತ್ತು. ಅಂಚಿನಲ್ಲಿ ದಪ್ಪ, ನಡುವೆ ತೆಳು. ಒಂದು ಕಡೆ ಎಷ್ಟು ತೆಳ್ಳಗಿತ್ತೆಂದರೆ ಅಡಿಯಲ್ಲಿಟ್ಟ ಸ್ಕೇಲಿನ ಗೀಟುಗಳು ಕಾಣುತ್ತಿದ್ದವು. ಅನೂಪ್ ಸರ್ ಬಗ್ಗಿ ನೋಡಿ, ‘ಅಯ್ಯೋ,’ ಅಂದರು. ಅಳೆದೆ. ಮೂರು ಭಾಗ ಮಾಡಿದೆ. ಒಂದು ಫಾರ್ಮಲಿನ್ನಿಗೆ, ಒಂದು ದ್ರಾವಣಕ್ಕೆ, ಒಂದು ಸಾರಜನಕಕ್ಕೆ. ಸಾರಜನಕ ಬುಸ್ಸೆಂದು ಹೊಗೆಯಾಡಿತು. ಶೀಶೆಗಳ ಮೇಲೆ ಎಲ್ಲರಿಗೆ ಹಾಕುವ ಹಾಗೆ ಸಂಖ್ಯೆ ಹಾಕಿದೆ. ಬೇಗ ಆಯಿತು. ಕಾಯಿಸಲಿಲ್ಲ.

ಆಮೇಲೆ ಮಾಡಲು ಏನೂ ಇರಲಿಲ್ಲ. ಮೇಜು ಒರೆಸಿದೆ. ಇನ್ನೊಂದು ಸಲ ಒರೆಸಿದೆ. ಅನೂಪ್ ಸರ್ ಒಂದು ಪುಸ್ತಕ ತೆಗೆದು ಮೊದಲ ಪುಟವನ್ನೇ ನೋಡುತ್ತ ಕೂತಿದ್ದರು.

ಫೋನು ಬಂದಾಗ ಅವರು ಏಳಲಿಲ್ಲ, ನನ್ನ ಕಡೆ ನೋಡಿದರು. ನಾನು ಎತ್ತಿದೆ. ಅಮಿತಾ ಮೇಡಂ ದನಿ, ಸುಸ್ತಾದದ್ದು. ‘ಧಡಕ್ ರಹಾ ಹೈ. ಅಪನೇ ಆಪ್. ಅವರ ಮನೆಯವರಿಗೆ ನೀನೇ ಹೋಗಿ ಹೇಳು, ನಾನು ಎದೆ ಮುಚ್ಚಿ ಬರ್ತೀನಿ.’

ಕೈ ತೊಳೆದು ಕೆಳಗೆ ಹೋದೆ. ರತ್ನಪ್ರಭಾ ಆಂಟಿಯ ಪಕ್ಕ ನಮ್ಮಮ್ಮ ಕೂತಿದ್ದಳು, ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಳಂತೆ. ಆಂಟಿಯ ತೊಡೆಯ ಮೇಲಿನ ಊಟದ ಡಬ್ಬಿ ಬಿಚ್ಚಿರಲಿಲ್ಲ.

‘ಬಡೀತಿದೆ ಆಂಟಿ,’ ಅಂದೆ. ‘ತಾನಾಗೇ ಬಡೀತಿದೆ.’

ಅಮ್ಮ ‘ಅಪ್ಪಾ ದೇವರೇ’ ಅಂದಳು. ಆಂಟಿ ಪಕ್ಕದ ಕುರ್ಚಿ ತೋರಿಸಿದರು. ಕೂತೆ.

‘ತೆಗೆದದ್ದನ್ನ ನೀನೇ ನೋಡಿದೆಯಾ?’

‘ಹೂಂ.’

‘ಹೇಗಿತ್ತು?’

‘ತುಂಬಾ ತೆಳ್ಳಗಿತ್ತು ಆಂಟಿ,’ ಅಂದೆ. ‘ಜನವರಿ ತನಕ ಬರ್ತಿರಲಿಲ್ಲ.’

ಅವರು ಊಟದ ಡಬ್ಬಿಯನ್ನು ಕೆಳಗಿಟ್ಟರು. ಆಮೇಲೆ ನನ್ನ ಎರಡೂ ಕೈಗಳನ್ನು ತಗೊಂಡು, ತಿರುಗಿಸಿ, ಅಂಗೈ ನೋಡಿದರು.

‘ತೊಳೆದಿದೀನಿ ಆಂಟಿ.’

‘ಗೊತ್ತು,’ ಅಂದರು. ಕೈ ಬಿಡಲಿಲ್ಲ.